ಫೊರ್ಮೀಕ: ರೋಮಿನ ಇರುವೆಗೆ ಆ ಹೆಸರು ಎಲ್ಲಿಂದ ಬಂತು

ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕಾಯಿತು.

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಫೊರ್ಮೀಕ. ಹಳೆಯ ರೋಮಿನವರು ಲ್ಯಾಟಿನ್ ಭಾಷೆಯಲ್ಲಿ ಇರುವೆಯನ್ನು ಹೀಗೆ ಕರೆಯುತ್ತಿದ್ದರು. ನಡುವಿನ ‘ಮೀ’ ಎಳೆದು, ಅದರ ಮೇಲೆ ಒತ್ತು ಹಾಕಿ ಹೇಳಬೇಕು.

ನಾನು ಲ್ಯಾಟಿನ್ ಕಲಿತದ್ದು ಮಂಗಳೂರಿನಲ್ಲಿ, ಒಬ್ಬರು ವಯಸ್ಸಾದ ಪಾದ್ರಿಗಳ ಹತ್ತಿರ. ಅವರ ಮೇಜಿನ ಮೇಲೆ ಸಕ್ಕರೆ ಡಬ್ಬಿ ಇರುತ್ತಿತ್ತು. ಡಬ್ಬಿಯ ಬುಡದಿಂದ ಗೋಡೆವರೆಗೂ ಸಣ್ಣ ಇರುವೆಗಳ ಸಾಲು. ಎರಡನೇ ದಿನವೇ ಅವರು ಒಂದು ಇರುವೆಯ ಮುಂದೆ ಬೆರಳಿಟ್ಟು, ‘ನೋಡು ಮಗಾ, ಇದೊಂದೇ ಆದರೆ ಫೊರ್ಮೀಕ’ ಅಂದರು. ಆಮೇಲೆ ಇಡೀ ಸಾಲಿನ ಮೇಲೆ ಕೈ ಆಡಿಸಿ, ‘ಇಷ್ಟೂ ಸೇರಿದರೆ ಫೊರ್ಮೀಚೆ’ ಅಂದರು. ‘ಚೆ’ ಅನ್ನುವುದು ಚರ್ಚಿನ ಉಚ್ಚಾರಣೆ. ಮಾತುಗಾರ ಸಿಸೆರೋ, ಕವಿ ವರ್ಜಿಲರ ಕಾಲದ ರೋಮಿನಲ್ಲಿ ಅದು ಫೊರ್ಮೀಕಯ್. ಈ ಪದವನ್ನು ನಾನು ಆವತ್ತಿನಿಂದ ಬಿಟ್ಟಿಲ್ಲ.

ಈ ಪದ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ರೋಮಿನವರಿಗೂ ಇತ್ತು. ವರ್ಜಿಲನ ಕಾವ್ಯಕ್ಕೆ ಟೀಕೆ ಬರೆದ ಸೆರ್ವಿಯಸ್ ಎಂಬ ವ್ಯಾಕರಣದ ಮೇಷ್ಟ್ರು ಒಂದು ಉತ್ತರ ಕೊಟ್ಟಿದ್ದಾನೆ. ಸೆವಿಲ್ ಊರಿನ ಬಿಷಪ್ ಇಸಿದೋರ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾನೆ. ಈತ ತೀರಿಕೊಂಡದ್ದು ಕ್ರಿ.ಶ. 636ರಲ್ಲಿ. ಪದಗಳ ಮೂಲ ಹೇಳುವ 20 ಭಾಗಗಳ ದೊಡ್ಡ ಪುಸ್ತಕ ಬರೆದಿಟ್ಟು ಹೋದವನು. ಅವರ ವಿವರಣೆ ಹೀಗೆ: ಲ್ಯಾಟಿನ್‌ನಲ್ಲಿ ‘ಫೆರ್ರೆ’ ಅಂದರೆ ಹೊರುವುದು, ‘ಮೀಕ’ ಅಂದರೆ ಚೂರು, ಕಣ. ಕಾಳಿನ ಚೂರು ಹೊರುವ ಹುಳು, ಅದಕ್ಕೇ ಫೊರ್-ಮೀಕ.

ಎಷ್ಟು ಚೆನ್ನಾಗಿದೆ ಅಲ್ವಾ? ಇರುವೆ ಮಾಡುವ ಕೆಲಸ ಅದರ ಹೆಸರಿನಲ್ಲೇ ಕೂತಿದೆ. ಆದರೆ ಇದು ನಿಜವಲ್ಲ.

ನಮ್ಮಲ್ಲೂ ಇಂಥ ಕಥೆಗಳಿವೆ. ಬೆಂದ ಕಾಳು ಕೊಟ್ಟ ಅಜ್ಜಿಯಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಅನ್ನುವುದನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಕಥೆಯ ರಾಜ ವೀರಬಲ್ಲಾಳ 12ನೇ ಶತಮಾನದವನು. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಸುಮಾರು ಕ್ರಿ.ಶ. 890ರ ಹೊತ್ತಿಗೇ ಕೆತ್ತಿ ಆಗಿದೆ. ಅಜ್ಜಿ ಕಾಳು ಬೇಯಿಸುವ ಮುಂಚೆಯೇ ಊರಿಗೆ ಹೆಸರಿತ್ತು. ಪದವನ್ನು ಮುರಿದು ಒಳಗೆ ಅರ್ಥ ಹುಡುಕಿದರೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೆಲ್ಲ ಮೂಲ ಅಲ್ಲ. ನಿಜವಾಗಿ ಮೂಲ ಬೇಕಿದ್ದರೆ ಪದದ ಹೊಟ್ಟೆ ಬಗೆಯಬಾರದು, ಪದದ ಅಣ್ಣತಮ್ಮಂದಿರು ಎಲ್ಲೆಲ್ಲಿ ಇದ್ದಾರೆ ಅಂತ ಹುಡುಕಬೇಕು. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತೇ ಇದು.

ಹುಡುಕೋಣ. ಇರುವೆಗೆ ಗ್ರೀಕರು ಮುರ್ಮೇಕ್ಸ್ ಅನ್ನುತ್ತಿದ್ದರು. ಪರ್ಶಿಯನ್ ಭಾಷೆಯಲ್ಲಿ ಮೂರ್. ರಷ್ಯದವರು ಮುರವೇಯ್ ಅನ್ನುತ್ತಾರೆ. ಸಂಸ್ಕೃತದಲ್ಲಿ ಪಿಪೀಲಿಕೆ ನಮಗೆ ಗೊತ್ತು. ಆದರೆ ವೇದದ ಸಂಸ್ಕೃತದಲ್ಲಿ ಇನ್ನೊಂದು ಪದವಿದೆ, ವಮ್ರ. ಋಗ್ವೇದದ 8ನೇ ಮಂಡಲದಲ್ಲಿ ಕಟ್ಟಿಗೆ ಅರ್ಪಿಸುವ ಒಬ್ಬ ಕವಿ ಅಗ್ನಿಗೆ ಹೇಳುತ್ತಾನೆ: ಉಪಜಿಹ್ವಿಕೆ ಎಂಬ ಹುಳು ತಿಂದ ಕಟ್ಟಿಗೆ, ವಮ್ರ ಹರಿದಾಡಿದ ಕಟ್ಟಿಗೆ, ಅದೆಲ್ಲವೂ ನಿನಗೆ ತುಪ್ಪವಾಗಲಿ. ಹುಳ ಹಿಡಿದ ಸೌದೆ ಬಿಟ್ಟು ಬೇರೆ ಇಲ್ಲದವನ ಪ್ರಾರ್ಥನೆ ಅದು. ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಈಗ ಈ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಷ್ಯನ್ ಪದದಲ್ಲಿ ಮ, ರ, ವ. ಸಂಸ್ಕೃತದಲ್ಲಿ ವ, ಮ, ರ. ಅದೇ ಮೂರು ಸದ್ದು, ಜಾಗ ಬೇರೆ. ಡೆಸ್ಕು ನಮ್ಮ ಬಾಯಲ್ಲಿ ಡೆಕ್ಸು ಆಗುವುದಿಲ್ಲವೇ, ಹಾಗೆ ಸದ್ದುಗಳು ಸ್ಥಾನ ಬದಲಿಸಿಕೊಂಡಿವೆ. ಗ್ರೀಕಿನಲ್ಲಿ ‘ವ’ ಇಲ್ಲ, ‘ಮ’ ಎರಡು ಸಲ ಬಂದಿದೆ: ಮುರ್-ಮೇಕ್ಸ್. ಲ್ಯಾಟಿನ್ ಪದವೂ ಒಂದು ಕಾಲದಲ್ಲಿ ಹೀಗೇ ಇದ್ದಿರಬೇಕು, ‘ಮೊರ್ಮೀಕ’ ಎಂದು. ಈ ರೂಪ ಎಲ್ಲೂ ಬರೆದು ಸಿಕ್ಕಿಲ್ಲ. ಬಂಧುಗಳನ್ನು ನೋಡಿ ಭಾಷೆ ಬಲ್ಲವರು ಕಟ್ಟಿದ ರೂಪ ಇದು.

ಹಾಗಾದರೆ ಮೊದಲ ‘ಮ’ ಹೋಗಿ ‘ಫ’ ಹೇಗೆ ಬಂತು?

ಒಂದೇ ಸದ್ದು ಹತ್ತಿರ ಹತ್ತಿರ ಎರಡು ಸಲ ಬಂದರೆ ನಾಲಿಗೆಗೆ ಕಷ್ಟ. ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು’ ಅನ್ನುವುದನ್ನು ಬೇಗ ಬೇಗ ಹೇಳಿ ನೋಡಿ. (ಸಭೆಯಲ್ಲಿ ಎಲ್ಲರೂ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಪುಟ್ಟ ಹುಡುಗಿ ಮಾತ್ರ ತಪ್ಪಿಲ್ಲದೆ ಹೇಳಿದಳು.) ಇಂಥ ಕಡೆ ನಾಲಿಗೆ ಎರಡರಲ್ಲಿ ಒಂದು ಸದ್ದನ್ನು ಬೇರೆ ಮಾಡಿಕೊಂಡು ಸಲೀಸು ಮಾಡಿಕೊಳ್ಳುತ್ತದೆ. ‘ಮ’ ತುಟಿಯಲ್ಲಿ ಹುಟ್ಟುವ ಸದ್ದು, ‘ಫ’ ಕೂಡ ತುಟಿಯದ್ದೇ. ಮೊರ್ಮೀಕ ಹೋಗಿ ಫೊರ್ಮೀಕ ಆಯಿತು.

ಇದು ನಮ್ಮ ಅನುಕೂಲಕ್ಕೆ ಹೆಣೆದ ಇನ್ನೊಂದು ಕಥೆ ಇರಬಹುದಲ್ಲ ಅಂತ ನೀವು ಕೇಳಬೇಕು. ಕೇಳಲೇಬೇಕು. ಅದಕ್ಕೆ ಉತ್ತರ ಇನ್ನೊಂದು ಪದದಲ್ಲಿದೆ. ಗ್ರೀಕ್ ತಾಯಂದಿರು ಹಟ ಮಾಡುವ ಮಕ್ಕಳನ್ನು ಹೆದರಿಸಲು ‘ಮೊರ್ಮೋ ಬರ್ತಾಳೆ’ ಅನ್ನುತ್ತಿದ್ದರು, ನಾವು ಗುಮ್ಮ ಬಂತು ಅನ್ನುವ ಹಾಗೆ. ಲ್ಯಾಟಿನ್‌ನಲ್ಲಿ ಭಯಕ್ಕೆ ಇರುವ ಪದ ‘ಫೊರ್ಮೀದೋ’. ಅಲ್ಲಿ ಮೊರ್ಮೋ, ಇಲ್ಲಿ ಫೊರ್ಮೀದೋ. ಅಲ್ಲಿ ಮುರ್ಮೇಕ್ಸ್, ಇಲ್ಲಿ ಫೊರ್ಮೀಕ. ಒಂದೇ ಬದಲಾವಣೆ ಎರಡು ಬೇರೆ ಬೇರೆ ಪದಗಳಲ್ಲಿ ಕಂಡಿತು. ಚೂರು ಹೊರುವ ಕಥೆಗೆ ಇಂಥ ಎರಡನೇ ಸಾಕ್ಷಿ ಇಲ್ಲ.

ಒಂದು ಎಚ್ಚರಿಕೆ. ನಮ್ಮ ‘ಇರುವೆ’ಯಲ್ಲೂ ರ ಇದೆ, ವ ಇದೆ. ಹಾಗಂತ ಅದನ್ನು ಈ ಕುಟುಂಬಕ್ಕೆ ಸೇರಿಸುವ ಹಾಗಿಲ್ಲ. ಇರುವೆಯ ಬಂಧುಗಳು ದಕ್ಷಿಣದಲ್ಲೇ ಇದ್ದಾರೆ. ತಮಿಳು, ಮಲಯಾಳಂನಲ್ಲಿ ಎರುಂಬು. ಅವರ ‘ಂಬು’ ಇರುವ ಜಾಗದಲ್ಲಿ ನಮ್ಮದು ‘ವೆ’. ಅದು ದ್ರಾವಿಡ ಮನೆಯ ಮಗು. ಸದ್ದು ಹೋಲುವುದು ಸುಮ್ನೆ ಕಾಕತಾಳೀಯ.

ಆದರೆ ಕನ್ನಡದಲ್ಲಿ ಫೊರ್ಮೀಕದ ಬಂಧು ಒಬ್ಬ ಇದ್ದಾನೆ, ಇನ್ನೊಂದು ಬಾಗಿಲಿಂದ ಬಂದವನು. ವಲ್ಮೀಕ. ಹುತ್ತ. ವಮ್ರ ಮತ್ತು ವಲ್ಮೀಕ ಒಂದೇ ಮೂಲದವು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಸಂಸ್ಕೃತದಲ್ಲಿ ರ ಮತ್ತು ಲ ಒಂದರ ಜಾಗಕ್ಕೆ ಇನ್ನೊಂದು ಬರುವುದು ಮಾಮೂಲು. ‘ವಲ್ಮೀಕ’, ‘ಫೊರ್ಮೀಕ’, ಎರಡನ್ನೂ ಜೋರಾಗಿ ಹೇಳಿ ನೋಡಿ. ಹುತ್ತದಿಂದ ಎದ್ದು ಬಂದ ಋಷಿ ವಾಲ್ಮೀಕಿ. ರೋಮಿನ ಹೊಲದ ಇರುವೆಗೂ ನಮ್ಮ ಆದಿಕವಿಗೂ ಒಂದೇ ಹಳೆಯ ಪದದಿಂದ ಹೆಸರು ಬಂದಿದೆ ಅಂತ ಮೊದಲು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುತ್ತ ಕಟ್ಟುವುದು ಗೆದ್ದಲು, ಇರುವೆಯಲ್ಲ, ಅದು ನಿಜ. ಹಳಬರು ಇವೆರಡನ್ನೂ ಬೇರೆ ಮಾಡಿ ನೋಡುತ್ತಿರಲಿಲ್ಲ.

ಹುತ್ತದ ಮಾತು ಬಂತಲ್ಲ, ಅದರ ಹಳೆಯ ಕನ್ನಡ ರೂಪ ‘ಪುತ್ತು’. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪುತ್ತು ಹುತ್ತವಾಯಿತು. ಪದದ ಮೊದಲಲ್ಲಿದ್ದ ‘ಪ’ ಬರುಬರುತ್ತ ‘ಹ’ ಆಯಿತು. ಇಂಥದ್ದೇ ಒಂದು ಬದಲಾವಣೆ ಸ್ಪೇನಿನಲ್ಲಿ ಆಯಿತು. ಅಲ್ಲಿ ‘ಫ’ ಮೆತ್ತಗಾಗಿ ‘ಹ’ ಆಯಿತು, ಆಮೇಲೆ ಆ ‘ಹ’ ಕೂಡ ಬಾಯಿಂದ ಬಿದ್ದುಹೋಯಿತು. ಫೊರ್ಮೀಕ ಈಗ ಸ್ಪ್ಯಾನಿಷ್‌ನಲ್ಲಿ ‘ಒರ್ಮೀಗ’. ಬರೆಯುವಾಗ ಮಾತ್ರ ಆ ‘ಹ’ ಉಳಿದಿದೆ. ಇಟಲಿಯವರು ಪದವನ್ನು ಹಾಗೇ ಇಟ್ಟುಕೊಂಡರು. ಫ್ರೆಂಚರದು ‘ಫೂರ್ಮಿ’. ರೊಮೇನಿಯದಲ್ಲಿ ‘ಫುರ್ನಿಕ’.

ಇನ್ನು ವ್ಯಾಕರಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ವಿಭಕ್ತಿ ಅಂದರೆ ನಮಗೆ ಹೊಸದೇನಲ್ಲ. ಇರುವೆಯನ್ನು, ಇರುವೆಯಿಂದ, ಇರುವೆಗೆ, ಇರುವೆಯ. ಲ್ಯಾಟಿನ್‌ನಲ್ಲೂ ಹಾಗೇ. ಫೊರ್ಮೀಕ ಅಂದರೆ ಇರುವೆ, ಫೊರ್ಮೀಕಂ ಅಂದರೆ ಇರುವೆಯನ್ನು, ಫೊರ್ಮೀಕಾ ಅಂದರೆ ಇರುವೆಯಿಂದ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ನೋಡಿ: ಒಂದರಲ್ಲಿ ಕೊನೆಯ ಸ್ವರ ಗಿಡ್ಡ, ಇನ್ನೊಂದರಲ್ಲಿ ಉದ್ದ. ರೋಮನ್ ಲಿಪಿಯಲ್ಲಿ ಇವೆರಡನ್ನೂ ಒಂದೇ ಥರ ಬರೆಯುತ್ತಾರೆ. ಓದುವವನೇ ಊಹಿಸಬೇಕು. ನಮ್ಮ ಲಿಪಿಯಲ್ಲಿ ಒಂದು ದೀರ್ಘ ಸಾಕು, ವಿಭಕ್ತಿ ಕಣ್ಣಿಗೇ ಕಾಣುತ್ತದೆ. ನಾನು ನೋಟ್ಸನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ಪಾದ್ರಿಗಳು ಅದನ್ನು ನೋಡಿ, ‘ರೋಮಿನವರಿಗೆ ಈ ಅಕ್ಷರ ಸಿಕ್ಕಿದ್ದರೆ ನನ್ನ ಅರ್ಧ ಆಯಸ್ಸು ಉಳಿಯುತ್ತಿತ್ತು’ ಅಂದಿದ್ದರು.

ಬಹುವಚನಕ್ಕೆ ಬಂದರೆ ದಾರಿ ಬೇರೆಯಾಗುತ್ತದೆ. ‘ಇರುವೆಗಳಿಂದ’ ಅನ್ನುವುದನ್ನು ಬಿಡಿಸಿದರೆ ಇರುವೆ, ಗಳು, ಇಂದ, ಮೂರೂ ಬೇರೆ ಬೇರೆ ಸಿಗುತ್ತವೆ, ರೈಲಿನ ಬೋಗಿಗಳ ಹಾಗೆ. ಲ್ಯಾಟಿನ್‌ನಲ್ಲಿ ಅದು ‘ಫೊರ್ಮೀಕೀಸ್’. ಈ ‘ಈಸ್’ ಒಂದೇ ತುಂಡು. ಬಹುವಚನವೂ ಅದರಲ್ಲೇ, ‘ಇಂದ’ವೂ ಅದರಲ್ಲೇ. ಅಷ್ಟೇ ಅಲ್ಲ, ‘ಇರುವೆಗಳಿಗೆ’ ಅನ್ನಬೇಕಾದರೂ ಅದೇ ಫೊರ್ಮೀಕೀಸ್. ಸುತ್ತಲಿನ ಪದಗಳನ್ನು ನೋಡದೆ ಅರ್ಥ ಹೇಳಲು ಬರುವುದಿಲ್ಲ.

ಇದನ್ನು ಕವಿಗಳು ಹೇಗೆ ಬಳಸಿದರು ನೋಡಿ. ವರ್ಜಿಲನ ಮಹಾಕಾವ್ಯದ 4ನೇ ಭಾಗದಲ್ಲಿ ಟ್ರಾಯ್ ಊರಿನ ಜನ ಕಾರ್ಥೇಜ್ ಬಿಟ್ಟು ಹೊರಡುತ್ತಾರೆ. ಹಡಗುಗಳಿಗೆ ಸಾಮಾನು ತುಂಬುತ್ತಾ ದಡದ ಮೇಲೆಲ್ಲ ಓಡಾಡುತ್ತಿದ್ದಾರೆ. ಅವರ ನಾಯಕ ಈನಿಯಸನನ್ನು ಪ್ರೀತಿಸಿದ ಕಾರ್ಥೇಜಿನ ರಾಣಿ ಡೈಡೊ ಎತ್ತರದ ಕೋಟೆಯಿಂದ ಅದನ್ನು ನೋಡುತ್ತಿದ್ದಾಳೆ. ಮೇಲಿಂದ ನೋಡುವವಳಿಗೆ ಅವರು ಹೇಗೆ ಕಾಣಬೇಕು? ಇರುವೆಗಳ ಹಾಗೆ. ಆ ಸಾಲು ಹೀಗಿದೆ: ‘ಇಂಗೆಂಟೆಂ ಫೊರ್ಮೀಕಯ್ ಫರ್ರಿಸ್ ಅಕೆರ್ವುಂ’. ಇಂಗೆಂಟೆಂ ಅಂದರೆ ಭಾರೀ, ಫರ್ರಿಸ್ ಅಂದರೆ ಧಾನ್ಯದ, ಅಕೆರ್ವುಂ ಅಂದರೆ ರಾಶಿಯನ್ನು. ಭಾರೀ ಅನ್ನುವ ಪದ ಒಂದು ತುದಿಯಲ್ಲಿ, ರಾಶಿ ಇನ್ನೊಂದು ತುದಿಯಲ್ಲಿ. ಫೊರ್ಮೀಕಯ್ ನಡುವೆ, ಧಾನ್ಯಕ್ಕೆ ಅಂಟಿಕೊಂಡು. ಇರುವೆ ಕಾಳಿನ ರಾಶಿಯ ಒಳಗೇ ಹೊಕ್ಕಿದೆ.

ಇಲ್ಲಿ ಇನ್ನೊಂದು ಸೊಗಸಿದೆ. ಫೊರ್ಮೀಕಯ್ ಅಂದರೆ ‘ಇರುವೆಯ’ ಆಗಬಹುದು, ‘ಇರುವೆಗೆ’ ಆಗಬಹುದು, ‘ಇರುವೆಗಳು’ ಕೂಡ ಆಗಬಹುದು. ಸಾಲು ಮುಗಿದರೂ ಗೊತ್ತಾಗುವುದಿಲ್ಲ. ಮುಂದಿನ ಸಾಲಿನಲ್ಲಿ ‘ಪೊಪುಲಂತ್’ ಅಂತ ಕ್ರಿಯಾಪದ ಬರುತ್ತದೆ, ಕೊಳ್ಳೆ ಹೊಡೆಯುತ್ತವೆ ಅಂತ. ಅದು ಬಹುವಚನ. ಆಗ ತಟ್ಟನೆ ಗೊತ್ತಾಗುತ್ತದೆ, ಇದು ಒಂದು ಇರುವೆಯಲ್ಲ, ಒಂದು ದಂಡು. ಹತ್ತಿರ ಹೋಗಿ ನೋಡಿದಾಗ ಕಪ್ಪು ಗೆರೆ ಇರುವೆ ಸಾಲಾಗಿ ಕಾಣುವುದಿಲ್ಲವೇ, ಹಾಗೆ.

ಆ ದಂಡಿನ ಬಗ್ಗೆ ಮುಂದೆ ಒಂದು ಮಾತು ಬರುತ್ತದೆ: ‘ಬಯಲಿನಲ್ಲಿ ಕಪ್ಪು ಪಡೆ ಸಾಗುತ್ತದೆ’. ಇದು ವರ್ಜಿಲ್ ಮೊದಲು ಬರೆದದ್ದಲ್ಲ ಅಂತ ಸೆರ್ವಿಯಸ್ ತಿಳಿಸುತ್ತಾನೆ. ಅವನಿಗಿಂತ ಹಳೆಯ ಕವಿ ಎನ್ನಿಯಸ್ ಈ ಮಾತನ್ನು ಬರೆದದ್ದು ಆನೆಗಳ ಬಗ್ಗೆ! ಆಕ್ಕಿಯಸ್ ಎಂಬ ಇನ್ನೊಬ್ಬ ಕವಿ ಅದನ್ನೇ ಇಂಡಿಯಾದ ಜನರ ಬಗ್ಗೆ ಬಳಸಿದ್ದನಂತೆ. ಆನೆಗೆ ಹೊಲಿದ ಅಂಗಿಯನ್ನು ವರ್ಜಿಲ್ ಇರುವೆಗೆ ತೊಡಿಸಿದ. ಅದು ಅಳತೆಗೆ ಸರಿಯಾಗಿಯೇ ಕೂತಿತು. ಇದು ನನಗೆ ಇಡೀ ಲ್ಯಾಟಿನ್ ಕಾವ್ಯದಲ್ಲೇ ತುಂಬ ಇಷ್ಟವಾದ ಜಾಗಗಳಲ್ಲಿ ಒಂದು.

ಲಿಂಗದ ವಿಷಯ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಇರುವೆ ‘ಬಂತು’. ಬಂದಳು ಅನ್ನುವುದಿಲ್ಲ. ಲ್ಯಾಟಿನ್‌ನಲ್ಲಿ ಫೊರ್ಮೀಕ ಸ್ತ್ರೀಲಿಂಗ, ಗಂಡು ಇರುವೆಯಾದರೂ ಸ್ತ್ರೀಲಿಂಗವೇ. ಗಂಡು ಅಂತ ಹೇಳಲೇಬೇಕಿದ್ದರೆ ಪಕ್ಕದಲ್ಲಿ ಬೇರೆ ಪದ ಸೇರಿಸಬೇಕು. ಹೊರೇಸ್ ಕವಿ ಇರುವೆಯನ್ನು ‘ನಾಳಿನ ಅರಿವಿಲ್ಲದವಳಲ್ಲ’ ಅಂತ ಹೊಗಳುವಾಗ ವಿಶೇಷಣಗಳನ್ನೆಲ್ಲ ಹೆಣ್ಣು ರೂಪದಲ್ಲೇ ಇಡುತ್ತಾನೆ. ನಾವು ನೋಡುವ ಕೆಲಸಗಾರ ಇರುವೆಗಳೆಲ್ಲ ನಿಜವಾಗಿಯೂ ಹೆಣ್ಣೇ. ಹಾಗಾದರೆ ರೋಮಿನವರಿಗೆ ಅದು ಗೊತ್ತಿತ್ತೇ? ಇಲ್ಲ. ಜೇನುಗೂಡಿನ ರಾಣಿಯನ್ನೇ ಅವರು ‘ರಾಜ’ ಅನ್ನುತ್ತಿದ್ದರು. ಗ್ರೀಕ್‌ನ ಮುರ್ಮೇಕ್ಸ್ ಪುಲ್ಲಿಂಗ, ನಮ್ಮ ವಮ್ರವೂ ಪುಲ್ಲಿಂಗ. ಲಿಂಗ ಇರುವುದು ಪದದ ಬಾಲದಲ್ಲಿ.

ಆ ಬಾಲದ ಆಳ್ವಿಕೆ ಇವತ್ತಿಗೂ ಮುಗಿದಿಲ್ಲ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಪ್ರಾಣಿಗಳಿಗೆ ಎರಡು ಪದದ ಹೆಸರು ಕೊಡುವಾಗ ಇರುವೆಗಳನ್ನೆಲ್ಲ ಫಾರ್ಮಿಕಾ ಎಂಬ ಒಂದೇ ಕುಲಕ್ಕೆ ಹಾಕಿದ. ಅವನ ಶಿಷ್ಯ ಫ್ಯಾಬ್ರಿಶಿಯಸ್ 1787ರಲ್ಲಿ ನಮ್ಮ ದೇಶದ ಒಂದು ದೊಡ್ಡ ಕಪ್ಪಿರುವೆಗೆ ‘ಫಾರ್ಮಿಕಾ ಕಂಪ್ರೆಸಾ’ ಎಂದು ಹೆಸರಿಟ್ಟ. ಕಂಪ್ರೆಸಾ ಅಂದರೆ ಅದುಮಿದಂತಿರುವ. ನಿಮಗೆಲ್ಲ ಇದು ಗೊತ್ತು. ಹಲಸಿನ ಮರದ ಬುಡದಲ್ಲಿ, ಬೆಲ್ಲದ ಡಬ್ಬಿಯ ಹತ್ತಿರ ಓಡಾಡುವುದು ಇದೇ. ಕೆಲವು ಕಡೆ ಕಟ್ಟಿರುವೆ, ಕೆಲವು ಕಡೆ ಗೊದ್ದ ಅನ್ನುತ್ತಾರೆ. ಮುಂದೆ 1861ರಲ್ಲಿ ಮಾಯರ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಕ್ಯಾಂಪೊನೋಟಸ್ ಎಂಬ ಹೊಸ ಕುಲ ಮಾಡಿದ. ನಮ್ಮ ಗೊದ್ದ ಅದರೊಳಗೆ ಸೇರಿತು. ಕ್ಯಾಂಪೊನೋಟಸ್ ಪುಲ್ಲಿಂಗ. ಹಾಗಾಗಿ ‘ಕಂಪ್ರೆಸಾ’ ಉಳಿಯುವ ಹಾಗಿಲ್ಲ. ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್ ಆಯಿತು. ಇರುವೆ ಇದ್ದಲ್ಲೇ ಇದೆ, ಬಾಲ ಮಾತ್ರ ಬದಲಾಯಿತು.

ಮಲೆನಾಡಿನವರು ಚಟ್ನಿ ಮಾಡುವ ಚಗಳಿಗೆ ಈ ತೊಂದರೆ ಬರಲಿಲ್ಲ. ಅದು 1775ರಲ್ಲಿ ‘ಫಾರ್ಮಿಕಾ ಸ್ಮರಗ್ಡಿನಾ’ ಆಗಿತ್ತು. ಪಚ್ಚೆ ಬಣ್ಣದ್ದು ಅಂತ ಅರ್ಥ. ನಮ್ಮದು ಕೆಂಪು, ಆದರೆ ಆಸ್ಟ್ರೇಲಿಯಾದಲ್ಲಿ ಇದೇ ಇರುವೆಯ ಹೊಟ್ಟೆ ಹಸಿರು. ಆಮೇಲೆ ಇದು ಸೇರಿದ ಈಕೋಫಿಲ್ಲಾ ಕುಲವೂ ಸ್ತ್ರೀಲಿಂಗವೇ. ಬಾಲ ಹಾಗೇ ಉಳಿಯಿತು.

ಚಗಳಿ ಚಟ್ನಿಯ ಹುಳಿ ಬರುವುದು ಫಾರ್ಮಿಕ್ ಆಸಿಡ್‌ನಿಂದ. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳನ್ನು ಭಟ್ಟಿ ಇಳಿಸಿ ಈ ಆಸಿಡ್ ತೆಗೆದ ಬಗೆಯನ್ನು ಬರೆದಿದ್ದಾನೆ. ಹೆಸರು ಬಂದದ್ದು ಫೊರ್ಮೀಕದಿಂದ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟ ಇರುವವರು ಹಾಲನ್ನು ಟ್ರೇಗೆ ಹಾಕಿ ಗಟ್ಟಿ ಮಾಡಲು ಬಳಸುವುದೂ ಇದನ್ನೇ. ಅವರು ಬರೀ ‘ಆಸಿಡ್’ ಅನ್ನುತ್ತಾರೆ. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂಗಿಗೆ ಹೊಡೆಯುವ ಫಾರ್ಮಲಿನ್ ಕೂಡ ಇದೇ ಮನೆಯ ಹೆಸರು. ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತದೆ ಅಂತ ರೋಗಿ ಹೇಳಿದರೆ ಡಾಕ್ಟರು ಬರೆದುಕೊಳ್ಳುವ ಪದ ಫಾರ್ಮಿಕೇಶನ್. ರೋಗಿಯ ಕನ್ನಡವೂ ಡಾಕ್ಟರ ಲ್ಯಾಟಿನ್ನೂ ಅಲ್ಲಿ ಒಂದೇ ಮಾತು ಹೇಳುತ್ತಿವೆ.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಲ್ಲಿದ್ದ, ಮರಗೆಲಸ ಮಾಡುವ ಒಬ್ಬರು ಎದ್ದು, ‘ಸಾರ್, ಟೇಬಲ್ ಮೇಲೆ ಅಂಟಿಸೋ ಶೀಟಿಗೆ ಫಾರ್ಮೈಕಾ ಅಂತಾರಲ್ಲ, ಅದೂ ಇರುವೆಯೇನಾ?’ ಎಂದು ಕೇಳಿದರು.

ಅಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ 1913ರಲ್ಲಿ ಇಬ್ಬರು ಎಂಜಿನಿಯರುಗಳು ಆ ಕಂಪನಿ ಶುರು ಮಾಡಿದರು. ಆಗ ಕರೆಂಟು ಹರಿಯದ ಹಾಗೆ ತಡೆಯಲು ಮೈಕಾ ಬಳಸುತ್ತಿದ್ದರು. ನಾವು ಕಾಗೆಬಂಗಾರ ಅನ್ನುತ್ತೇವಲ್ಲ, ಅದು. ಮೈಕಾದ ಬದಲಿಗೆ ಬಳಸಬಹುದಾದ ವಸ್ತುವನ್ನು ಇವರು ಕಂಡುಹಿಡಿದರು. ‘ಫಾರ್’ ಅಂದರೆ ಬದಲಿಗೆ. ಫಾರ್-ಮೈಕಾ. ನಾವು ದಿನಾ ಹೇಳುವ ಸನ್‌ಮೈಕಾದ ಬಾಲದಲ್ಲಿ ಇರುವುದೂ ಅದೇ ಮೈಕಾ.

ಆದರೆ ಮೈಕಾ ಎಂಬ ಪದ ಎಲ್ಲಿಂದ ಬಂತು ಅಂತ ಅವರು ಬಿಡದೆ ಕೇಳಿದರು. ಅದು ಲ್ಯಾಟಿನ್‌ನ ‘ಮೀಕ’. ಚೂರು, ಕಣ. ಇರುವೆ ಹೊರುತ್ತದೆ ಅಂತ ಇಸಿದೋರ್ ಹೇಳಿದ್ದನಲ್ಲ, ಅದೇ ಚೂರು.